ಅಂದ್ಕೊಂಡಿದ್ದು ಲೋಟಕ್ಕೆ

ನೀಲಾಂಬಿಕಾ ಮೇಡಂ ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ, ಅದೂ ಗಾಲಿಕುರ್ಚಿ. ಅದಕ್ಕೆ ಮುಂಚೆ ಅವರು ಎಲ್ಲಿದ್ದರೂ ನೆಲವೇ. ಭದ್ರಾವತಿಯ ತರಬೇತಿ ಕೇಂದ್ರದ ಸಿಮೆಂಟು ನೆಲ, ಅಂಗನವಾಡಿಗಳ ಕೆಂಪು ನೆಲ, ಅಧಿಕಾರಿಗಳು ಬಂದ ದಿನ ಹಾಸುತ್ತಿದ್ದ ಜಮಖಾನ. ಗೋಡೆಗೆ ಬೆನ್ನು ಕೊಟ್ಟು, ಒಂದು ಕಾಲು ಮಡಚಿ ಇನ್ನೊಂದನ್ನು ಚಾಚಿ, ಮಡಿಲಲ್ಲಿ ಒಂದು ಸ್ಟೀಲ್ ಲೋಟ ಇಟ್ಟುಕೊಂಡು ಕೂತುಬಿಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಮಕ್ಕಳು ಅವರನ್ನು ಗೋಡೆಯ ಭಾಗ ಎಂದುಕೊಂಡು ಕಾಲು ದಾಟಿ ಓಡಾಡುತ್ತಿದ್ದವು. ಒಮ್ಮೆ ಒಂದು ಮಗು ಅವರು ಚಾಚಿದ್ದ ಕಾಲಿನ ಮೇಲೆ ಪ್ಲಾಸ್ಟಿಕ್ ಬಸ್ಸನ್ನು ಓಡಿಸಿಕೊಂಡು ಬಂದು, ಮೊಣಕಾಲಿನ ಹತ್ತಿರ ನಿಲ್ಲಿಸಿ, "ಮಾಚೇನಹಳ್ಳಿ, ಯಾರ್ರೀ ಇಳಿಯೋರು?" ಎಂದು ಕೂಗಿತು. ಮೇಡಂ ಕದಲಲಿಲ್ಲ. ಕಣ್ಣು ಮಾತ್ರ ಬಸ್ಸು ಹೋದ ಕಡೆ ಹೋಯಿತು.

ಇಷ್ಟು ಬರೆಯುವಷ್ಟರಲ್ಲಿ ಅನುಮಾನ ಶುರುವಾಗಿದೆ. ಒಂದೇ ಸಲ ಎಂದೆ. ಶಿವಮೊಗ್ಗದಿಂದ ಭದ್ರಾವತಿಗೆ ನಾವಿಬ್ಬರೂ ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ಹೋಗಿ ಬಂದವರು. ಬಸ್ಸಿನಲ್ಲಿ ಅವರು ಸೀಟಿನ ಮೇಲಲ್ಲದೆ ಇನ್ನೆಲ್ಲಿ ಕೂರುತ್ತಿದ್ದರು? ನನ್ನ ನೆನಪು ಚೆನ್ನಾಗಿ ಕಾಣುವುದನ್ನು ಮುಂದಕ್ಕೆ ತಂದು ಉಳಿದದ್ದನ್ನು ಹಿಂದಕ್ಕೆ ತಳ್ಳುತ್ತದೆ. ಮುಂದಿನದನ್ನೂ ಈ ಎಚ್ಚರದಲ್ಲೇ ಓದಬೇಕು.

ಇದನ್ನು ಬರೆಯಲು ಕಾರಣ ಒಂದು ಫೋನ್. ಮೇಡಂ ನಿವೃತ್ತರಾಗಿ, ತಂಗಿಯ ಮಗಳು ಶೋಭಾಳ ಜೊತೆ ಶಿವಮೊಗ್ಗದ ಗೋಪಾಳದಲ್ಲಿದ್ದರು. ಅವರಿಗೆ ಮದುವೆಯಾಗಿರಲಿಲ್ಲ. ಹೋದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಸುದ್ದಿ ಗೊತ್ತಿತ್ತು. ಹೋಗಿ ನೋಡಬೇಕು ಅಂದುಕೊಳ್ಳುತ್ತ ದಿನ ದೂಡುತ್ತಿದ್ದೆ. ಒಂದು ಭಾನುವಾರ ಶೋಭಾಳೇ ಫೋನ್ ಮಾಡಿದಳು.

"ಸರ್, ಮಾತು ಕಲಿಸೋಕೆ ಬರೋ ಹುಡುಗಿ ಈ ತಿಂಗಳು ನೋಡ್ತೀನಿ, ಏನೂ ಬದಲಾವಣೆ ಇಲ್ದಿದ್ರೆ ಬಂದೂ ಪ್ರಯೋಜನ ಇಲ್ಲ ಅಂತಿದಾಳೆ. ಆಯನೂರು ರಸ್ತೆಯಲ್ಲಿ ಇಂಥವರನ್ನ ನೋಡ್ಕೊಳ್ಳೋ ಒಂದು ಜಾಗ ಇದೆಯಂತೆ, ಅಲ್ಲಿ ಬಿಡಿ ಅಂತ ಎಲ್ರೂ ಹೇಳ್ತಿದಾರೆ. ನಾನು ಕೆಟ್ಟೋಳಲ್ಲ ಸರ್. ನಂಗೆ ಒಂದೇ ಗೊತ್ತಾಗ್ಬೇಕು. ದೊಡ್ಡಮ್ಮಂಗೆ ನಾವು ಆಡೋದು ತಿಳಿಯುತ್ತಾ? ಒಳಗೆ ಅವರಿದ್ರೆ ಎಷ್ಟೇ ಕಷ್ಟ ಆದ್ರೂ ಇಟ್ಕೋತೀನಿ. ಇಲ್ದೇ ಇದ್ರೆ ನಾನು ಯಾರಿಗೋಸ್ಕರ ಮಾಡ್ತಿದೀನಿ? ನೀವು ಅವರ ಜೊತೆ ಕೆಲಸ ಮಾಡಿದೋರು. ಬಂದು ನೋಡಿ ಹೇಳಿ."

ನೋಡಿ ಹೇಳುವುದು. ಮೇಡಂ ಬದುಕಿಡೀ ಬೇರೆಯವರಿಗೆ ಕಲಿಸಿದ್ದು ಅದೊಂದನ್ನೇ.

ನಮ್ಮದು ಭದ್ರಾವತಿಯಲ್ಲಿ ಒಂದು ಸಣ್ಣ ತರಬೇತಿ ಕೇಂದ್ರ. ಅಂಗನವಾಡಿ ಕಾರ್ಯಕರ್ತೆಯರು, ನರ್ಸರಿ ಟೀಚರುಗಳು ಅಲ್ಲಿಗೆ ಬಂದು ಮಕ್ಕಳನ್ನು ಗಮನಿಸುವುದು, ಅವರ ಬೆಳವಣಿಗೆಯನ್ನು ಅಳೆಯುವುದು, ಅದರ ಮೇಲೆ ಮುಂದಿನ ವಾರದ ಪಾಠ ಯೋಜಿಸುವುದನ್ನು ಕಲಿತು ಹೋಗುತ್ತಿದ್ದರು. ಅದೇ ಆವರಣದಲ್ಲಿ ಕಾರ್ಖಾನೆ ಕ್ವಾರ್ಟರ್ಸಿನ ಮಕ್ಕಳಿಗಾಗಿ ಒಂದು ಶಿಶುವಿಹಾರವಿತ್ತು. ತರಬೇತಿಗೆ ಬಂದವರು ಗಮನಿಸುವುದನ್ನು ಅಭ್ಯಾಸ ಮಾಡುತ್ತಿದ್ದದ್ದು ಆ ಮಕ್ಕಳ ಮೇಲೆ. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದ್ದ ನಾನು ಮಕ್ಕಳ ಬೆಳವಣಿಗೆಯ ಪಾಠ ಹೇಳುತ್ತಿದ್ದೆ. ಎಲ್ಲಿಯೂ ಎರಡು ವರ್ಷ ನಿಲ್ಲದ ನಾನು ಅಲ್ಲಿ ಏಳೆಂಟು ವರ್ಷ ನಿಂತೆ. ಯಾಕೆ ಎಂದು ಈಗಲೂ ಸರಿಯಾಗಿ ಹೇಳಲಾರೆ.

ಮೊದಲ ದಿನವೇ ಮೇಡಂ ನನ್ನ ತರಗತಿಯ ಹಿಂದೆ ನೆಲದ ಮೇಲೆ ಕೂತು ಪಾಠ ಪೂರ್ತಿ ಕೇಳಿ, ಬಾಗಿಲಲ್ಲಿ ತಡೆದರು.

"ಏನ್ರೀ ಯೂನಿವರ್ಸಿಟಿಯವ್ರೇ, ಮೂರು ವರ್ಷದ ಮಗು ಹಾಗೆ, ನಾಲ್ಕು ವರ್ಷದ ಮಗು ಹೀಗೆ ಅಂತ ಚೆನ್ನಾಗಿ ಹೇಳಿದ್ರಿ. ಮೂರು ವರ್ಷದ ಮಗೂನ ಕೊನೇ ಸಲ ನೋಡಿದ್ದು ಯಾವಾಗ?"

"ಇವತ್ತು ಬೆಳಿಗ್ಗೆ ಬಸ್ಸಲ್ಲಿ ನೋಡಿದೆ," ಎಂದೆ.

"ಏನ್ ಮಾಡ್ತಿತ್ತು?"

"ಹಟ ಮಾಡ್ತಿತ್ತು."

"ಹಟ ಹೇಗಿರುತ್ತೆ ನೋಡೋಕೆ? ಉದ್ದಕ್ಕಿರುತ್ತಾ, ಗುಂಡಗಿರುತ್ತಾ?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಹೋದರು. ನನಗೆ ಸಿಟ್ಟು ಬಂತು. ಅದೂ ನೆನಪಿದೆ. ಅವರದು ಮೆತ್ತಗಿನ ಸ್ವಭಾವವೇನಲ್ಲ. ಹೊಳಲೂರಿನ ಕಡೆ ಜಮೀನಿದ್ದ ಮನೆಯ ಹಿರಿಮಗಳು. ತಂದೆಯ ಜೊತೆ ಜಗಳವಾಡಿ ಮೈಸೂರಿನಲ್ಲಿ ಓದಿ ಬಂದವರು. ಹಣೆಗೆ ದಪ್ಪ ವಿಭೂತಿ, ಕಾಲಿಗೆ ಗಂಡಸರು ಹಾಕುವಂಥ ಚಪ್ಪಲಿ. ಯಾರಾದರೂ ಕಾಫಿ ಕೊಟ್ಟರೆ "ಸಕ್ಕರೆ ಕಮ್ಮಿಯಾಗಿದೆ" ಎಂದು ಮುಖದ ಮೇಲೇ ಹೇಳಿ, ಲೋಟ ಪೂರ್ತಿ ಕುಡಿದು ಎದ್ದು ಹೋಗುವವರು.

ಅವರ ಕಲಿಸುವ ಬಗೆಯಲ್ಲಿ ಇದ್ದದ್ದು ಎರಡೇ ಸಾಮಾನು, ಹುಣಸೆ ಬೀಜ ಮತ್ತು ಸ್ಟೀಲ್ ಲೋಟ. ತರಬೇತಿಗೆ ಬಂದ ಪ್ರತಿಯೊಬ್ಬಳಿಗೂ ಒಂದು ಹಿಡಿ ಬೀಜ, ಒಂದು ಲೋಟ. ಶಿಶುವಿಹಾರದ ಗೋಡೆಗೆ ಸಾಲಾಗಿ ಕೂತು ಒಬ್ಬೊಬ್ಬರು ಒಂದೊಂದು ಮಗುವನ್ನು ನೋಡಬೇಕು. ನೋಡುವಾಗ ಮನಸ್ಸಿನಲ್ಲಿ ಒಂದು ಅಭಿಪ್ರಾಯ ಎದ್ದರೆ, 'ಪಾಪ' ಅನ್ನಿಸಿದರೆ, 'ತುಂಟ' ಅನ್ನಿಸಿದರೆ, 'ಜಾಣೆ', 'ಮೊಂಡ', 'ಥೇಟ್ ಅವರಮ್ಮನ ಥರ' ಅನ್ನಿಸಿದರೆ, ತಕ್ಷಣ ಒಂದು ಬೀಜವನ್ನು ಲೋಟಕ್ಕೆ ಹಾಕಬೇಕು. ಆಮೇಲೆ ಎದ್ದು ಬಂದು ಕಂಡದ್ದನ್ನು ಮಾತ್ರ ಹೇಳಬೇಕು.

ಮೊದಲ ದಿನ ಆ ಕೋಣೆಯಲ್ಲಿ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಮಕ್ಕಳು ಆಟ ಬಿಟ್ಟು ಈ ದೊಡ್ಡ ಹೆಂಗಸರನ್ನೇ ನೋಡುತ್ತ ನಿಂತುಬಿಡುತ್ತಿದ್ದವು. ದಿನ ಕಳೆದಂತೆ ಸದ್ದು ಕಡಿಮೆಯಾಗುತ್ತಿತ್ತು. ತರಬೇತಿಯ ಕೊನೆಗೆ ಎಲ್ಲೋ ಒಂದು 'ಟಣ್', ಆಮೇಲೆ ತುಂಬ ಹೊತ್ತು ಏನಿಲ್ಲ. ಆ ಮೌನದಲ್ಲಿ ಮಕ್ಕಳ ಉಸಿರು ಕೇಳುತ್ತಿತ್ತು ಎಂದು ಬರೆಯಹೊರಟಿದ್ದೆ. ಕೇಳಿದ್ದು ನೆನಪಿಲ್ಲ.

"ಕಂಡಿದ್ದು ಹೇಳಮ್ಮ, ಅಂದ್ಕೊಂಡಿದ್ದು ಲೋಟಕ್ಕೆ," ಎನ್ನುವುದು ಅವರ ಮಾತು. ಹಿಂದಿನಿಂದ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಬೀಜದ ಮೇಡಂ ಎಂದು. ಅದು ಅವರಿಗೂ ಗೊತ್ತಿತ್ತು.

ಆಮೇಲೆ ಮೊಬೈಲಿನ ಕಾಲ ಬಂತು. ಪ್ರತಿ ಮಗುವಿನ ಹೆಸರಿನ ಮುಂದೆ, ಬಂದದ್ದಕ್ಕೆ ಹಸಿರು, ಅರೆಬರೆ ಬಂದದ್ದಕ್ಕೆ ಹಳದಿ, ಬಾರದ್ದಕ್ಕೆ ಕೆಂಪು ಚುಕ್ಕೆ ಒತ್ತಿ ಕಳಿಸಬೇಕೆಂದು ಹೊಸ ವ್ಯವಸ್ಥೆ. ಆಯನೂರು ಕಡೆಯ ರೇಣುಕಾ ಎಂಬ ಅಂಗನವಾಡಿ ಟೀಚರ್ ಎಲ್ಲ ಮಕ್ಕಳಿಗೂ ಎಲ್ಲದಕ್ಕೂ ಹಸಿರು ಒತ್ತಿ ತಂದಿದ್ದಳು. ಮೇಡಂ ಕನ್ನಡಕ ಏರಿಸಿ ಮೊಬೈಲ್ ನೋಡಿದರು.

"ಈ ಮಗು ಒಂಟಿ ಕಾಲಲ್ಲಿ ಕುಂಟುತ್ತೆ ಅಂತ ಹಸಿರು ಒತ್ತಿದೀಯ. ಯಾವ ಕಾಲಮ್ಮ?"

"ಎರಡೂ ಕಾಲು ಮೇಡಂ."

ಕೋಣೆ ತುಂಬ ನಗು. ರೇಣುಕಾ ಕೂಡ ನಕ್ಕಳು. ಮೇಡಂ ನಗಲಿಲ್ಲ. "ಎರಡೂ ಕಾಲಲ್ಲಿ ಕುಂಟೋ ಮಗು ಸಿಕ್ಕಿದ್ರೆ ನನ್ನತ್ರ ಕಳ್ಸು ಮಾರಾಯ್ತಿ, ನಾನೂ ನೋಡಿಲ್ಲ," ಎಂದರು. ಆ ಸಂಜೆ ಬಸ್ಸಿನಲ್ಲಿ, "ಅವಳದ್ದೇನು ತಪ್ಪಿಲ್ಲ ಕಣ್ರೀ. ಕೆಂಪು ಒತ್ತಿದ್ರೆ ಅವಳನ್ನೇ ಕೇಳ್ತಾರೆ. ಹಸಿರು ಒತ್ತಿದ್ರೆ ಯಾರೂ ಕೇಳಲ್ಲ. ಪ್ರಶ್ನೆ ಬರದೇ ಇರೋ ಬಣ್ಣಾನೇ ಎಲ್ರೂ ಒತ್ತೋದು," ಎಂದು ಕಿಟಕಿಯ ಆಚೆ ನೋಡತೊಡಗಿದರು. ಮಾಚೇನಹಳ್ಳಿಯಲ್ಲಿ ಶಿಫ್ಟ್ ಮುಗಿಸಿದವರು ಹತ್ತಿ ಬಸ್ಸಿನ ತುಂಬ ಗ್ರೀಸಿನ ವಾಸನೆ ತುಂಬಿತು.

ಭದ್ರಾವತಿಯಲ್ಲಿ ಆಗ ಕಾರ್ಖಾನೆ ಮುಚ್ಚುವ ಮಾತು ನಿಂತು, ಮುಚ್ಚಿದ ಮೇಲಿನ ಮಾತು ಶುರುವಾಗಿತ್ತು. ಕ್ವಾರ್ಟರ್ಸುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಶಿಶುವಿಹಾರದ ಮಕ್ಕಳೂ ಕಡಿಮೆಯಾಗುತ್ತಿದ್ದರು. ಆ ದಿನಗಳ ಒಂದು ಘಟನೆ ಹೇಳಬೇಕು.

ರೇಣುಕಾಳ ತಂಡ ಮುಂದಿನ ವಾರಕ್ಕೆ 'ನಮ್ಮ ಸಹಾಯಕರು' ಎಂಬ ವಿಷಯ ಯೋಜಿಸಿತ್ತು. ಡಾಕ್ಟರು, ಪೊಲೀಸು, ಅಂಚೆಯಣ್ಣ ಎಲ್ಲರ ಬಣ್ಣದ ಚಿತ್ರ ಅಂಟಿಸಿದ ದೊಡ್ಡ ಚಾರ್ಟು ತಂದು ಗೋಡೆಗೆ ಒರಗಿಸಿದ್ದರು. ಮೇಡಂ ಚಾರ್ಟಿನ ಕಡೆ ತಿರುಗಲೂ ಇಲ್ಲ.

"ಮಕ್ಕಳು ಹೊರಗೆ ಏನಾಡ್ತಿದಾವೆ?"

"ಗೇಟ್ ಆಟ ಮೇಡಂ," ಎಂದಳು ರೇಣುಕಾ. "ಪಾಪ, ಅವರಪ್ಪಂದಿರ ಕೆಲಸ ಹೋಗಿದೆಯಲ್ಲ, ಅದಕ್ಕೇ..."

"ಅದು ಲೋಟಕ್ಕೆ. ಕಂಡಿದ್ದು?"

ರೇಣುಕಾ ಒಂದು ಬೀಜ ಹಾಕಿದಳು. "ಒಬ್ಬ ಎರಡು ಕೈ ಅಗಲಿಸಿ ಗೇಟ್ ಆಗಿ ನಿಲ್ತಾನೆ. ಉಳಿದೋರು ಟಿಫಿನ್ ಬಾಕ್ಸ್ ಹಿಡ್ಕೊಂಡು ಸಾಲಾಗಿ ಬರ್ತಾರೆ. ಅವನು 'ಇವತ್ತಿಲ್ಲ, ಹೋಗಿ' ಅಂತಾನೆ. ಎಲ್ರೂ ವಾಪಸ್ ಹೋಗಿ ಮರದ ಕೆಳಗೆ ಕೂತು ಟಿಫಿನ್ ಬಿಚ್ತಾರೆ. ತಿಂತಾರೆ. ನಗ್ತಾರೆ."

"ನಗ್ತಾರೆ ಅನ್ನೋದನ್ನ ಯಾಕೆ ಕೊನೇಲಿ ಹೇಳಿದೆ?"

ರೇಣುಕಾ ಲೋಟದೊಳಗೆ ನೋಡಿದಳು. "ಅಳ್ತಾರೆ ಅನ್ಕೊಂಡಿದ್ದೆ ಮೇಡಂ," ಎಂದಳು ಸಣ್ಣ ದನಿಯಲ್ಲಿ.

"ಇನ್ನೊಂದು ಬೀಜ ಹಾಕು. ಆಮೇಲೆ ಆ ಚಾರ್ಟ್ ಮಡಚು. ಮುಂದಿನ ವಾರದ ಪಾಠ ಅಂಗಳದಲ್ಲಿ ಓಡಾಡ್ತಿದೆ."

ಆ ವಾರವಿಡೀ ಗೇಟಿನ ಸುತ್ತಲೇ ಪಾಠ. ಒಳಗೆ-ಹೊರಗೆ, ಮುಂದೆ-ಹಿಂದೆ, ಯಾರ ನಂತರ ಯಾರು, ಯಾವ ಬಾಕ್ಸ್ ಭಾರ, ಯಾವುದು ಹಗುರ. ಬೀಗ, ಬೀಗದ ಕೈ, ಚಿಲಕ ತಂದು ಮುಂದಿಟ್ಟರು. ಒಬ್ಬ ಟೀಚರ್ ಸುಮ್ಮನಿರಲಾರದೆ, "ಇವತ್ತು ಗೇಟ್ ತೆಗೀತಾನಂತೆ, ಎಲ್ರೂ ಒಳಗೆ ಹೋಗಣ ಬನ್ನಿ," ಎಂದು ಮಕ್ಕಳನ್ನು ಕರೆದಳು. ಮೇಡಂ ಕೂತಲ್ಲಿಂದಲೇ ಗದರಿದರು.

"ನೀನ್ಯಾಕೆ ತೆಗೆಸ್ತೀಯ? ಅದು ಅವರ ಗೇಟು."

ಶನಿವಾರ ಎರಡು ಜಡೆಯ ಒಂದು ಹುಡುಗಿ ಹೋಗಿ ಆ ಹುಡುಗನ ಕೈಯನ್ನು ಬಾಗಿಲಿನ ಹಾಗೆ ಮೆಲ್ಲಗೆ ತಳ್ಳಿ ತೆರೆದಳು, ಎಲ್ಲರೂ ಕೂಗುತ್ತ ಒಳಗೆ ನುಗ್ಗಿದರು ಎಂದು ನನ್ನ ನೆನಪು. ಎಷ್ಟೋ ಸಭೆಗಳಲ್ಲಿ ಇದನ್ನು ಹೇಳಿದ್ದೇನೆ, ಕೇಳಿದವರ ಕಣ್ಣು ಒದ್ದೆಯಾದದ್ದನ್ನೂ ನೋಡಿದ್ದೇನೆ. ಈಚೆಗೆ ರೇಣುಕಾ ಸಿಕ್ಕಾಗ ಕೇಳಿದೆ. "ಇಲ್ಲ ಸರ್, ಅವರು ಗೇಟ್ ತೆಗೀಲೇ ಇಲ್ಲ. ಆಮೇಲೆ ಆ ಆಟಾನೇ ಬಿಟ್ಟರು. ಎರಡು ಜಡೆ ಹುಡುಗಿ ಯಾರು?" ಎಂದಳು. ಯಾರು ಸರಿಯೋ. ಅವಳ ಮಾತು ಕೇಳಿದಂದಿನಿಂದ ಆ ಹುಡುಗಿಯ ಮುಖ ನೆನಪಿಸಿಕೊಳ್ಳಲು ಯತ್ನಿಸುತ್ತಿದ್ದೇನೆ. ಜಡೆ ಮಾತ್ರ ಬರುತ್ತದೆ.

ಮೇಡಂ ತಪ್ಪೇ ಮಾಡದವರು ಎಂದು ಇಲ್ಲಿಯವರೆಗೆ ಓದಿದವರಿಗೆ ಅನ್ನಿಸಿದರೆ ಅದು ನನ್ನ ಬರವಣಿಗೆಯ ದೋಷ.

ಕಾರ್ತಿ ಎಂಬ ಮಗುವಿತ್ತು. ಅವನ ತಾಯಿ ಸೆಲ್ವಿ, ಕ್ವಾರ್ಟರ್ಸಿನ ಹಿಂದಿನ ಸಾಲಿನವಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಕಾರ್ತಿ ಮಾತಾಡುತ್ತಿರಲಿಲ್ಲ. ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿರುತ್ತಿದ್ದ. ಎರಡು ಭಾಷೆಯ ಗೊಂದಲ ಎಂದು ಕೆಲವರು, ಮಂದ ಎಂದು ಕೆಲವರು. ಮೇಡಂ ಯಾವುದಕ್ಕೂ ಒಪ್ಪಲಿಲ್ಲ. ಸೆಲ್ವಿ ದಿನಾ ಮಗುವನ್ನು ಬಿಡಲು ಬಂದಾಗ ಕೇಳುತ್ತಿದ್ದಳು.

"ನಮ್ ಪಿಳ್ಳೆಗೆ ಏನಾಗಿದೆ, ಸೊಲ್ಲುಂಗಮ್ಮ. ಏನಿದ್ರೂ ಹೇಳ್ಬಿಡಿ."

"ಇನ್ನೂ ನೋಡ್ಬೇಕು ಸೆಲ್ವಿ," ಎನ್ನುತ್ತಿದ್ದರು ಮೇಡಂ.

ನೋಡಿದರು. ಮಳೆಗಾಲ ಕಳೆಯಿತು, ಚಳಿ ಬಂತು. ಅವನು ಕರೆದರೆ ತಿರುಗುವುದಿಲ್ಲ, ಬಾಗಿಲ ಬೆಳಕಿನಲ್ಲಿ ನೆರಳಾಡಿದರೆ ತಿರುಗುತ್ತಾನೆ. ಹಾಡಿನ ಹೊತ್ತಿನಲ್ಲಿ ಬೇರೆ ಮಕ್ಕಳ ಬಾಯಿಯನ್ನೇ ನೋಡುತ್ತಾನೆ. ಎಲ್ಲವೂ ಅವರ ಕಣ್ಣಿಗೆ ಬಿದ್ದಿತ್ತು. ಹೆಸರಿಟ್ಟು ಹೇಳಲಿಲ್ಲ, ಅಷ್ಟೆ. ಕೊನೆಗೆ ಸೆಲ್ವಿಯೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಕಿವಿಯ ಡಾಕ್ಟರು ನೋಡಿ, ಎರಡೂ ಕಿವಿಯೊಳಗೆ ನೀರು ಕಟ್ಟಿದೆ, ಸರಿಮಾಡಬಹುದು, ಆದರೆ ಮಾತು ಕಲಿಯುವ ವಯಸ್ಸಿನಲ್ಲಿ ತುಂಬ ಕಾಲ ಹಾಳಾಗಿದೆ ಎಂದರಂತೆ. ಸೆಲ್ವಿ ಅದನ್ನು ಬಂದು ಹೇಳಿದಳು. ಬೈಯಲಿಲ್ಲ. "ನೀವು ಮೊದಲೇ ನೋಡಿದ್ರಿ ಅಲ್ವಾ ಮೇಡಂ?" ಎಂದು ಮಾತ್ರ ಕೇಳಿದಳು.

ಅವತ್ತು ಬಸ್ಸು ಶಿವಮೊಗ್ಗದ ಹತ್ತಿರ ಬರುವ ಹೊತ್ತಿಗೆ ಮೇಡಂ ಕೈಯಲ್ಲಿದ್ದ ಟಿಕೆಟ್ಟನ್ನು ಮಡಚಿ ಮಡಚಿ ಚೂರು ಮಾಡಿದ್ದರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು.

"ಲೋಟ ತುಂಬಿತ್ತು ಕಣ್ರೀ. ಬಗ್ಗಿಸೋಕೆ ಹೆದರಿಕೆ. ಕಿವುಡು ಅಂತ ನಾನು ಒಂದು ಮಾತು ಅಂದು, ಅದು ಸುಳ್ಳಾದ್ರೆ, ಆ ಹೆಸರು ಮಗೂನ ಬಿಡಲ್ಲ ಅಂತ. ನೋಡ್ತಾ ಕೂರೋದೂ ತಪ್ಪಿಸ್ಕೊಳ್ಳೋ ಒಂದು ದಾರಿ."

"ನೀವು ಬೇಕು ಅಂತ ಮಾಡಿದ್ದಲ್ಲವಲ್ಲ ಮೇಡಂ," ಎಂದೆ.

"ಸಮಾಧಾನ ಮಾಡ್ಬೇಡಿ ಮಾರಾಯ್ರೇ. ಬಸ್ಸಲ್ಲಿ ಬೀಜ ಇಲ್ಲ."

ಮುಂದಿನ ತಂಡದಿಂದ ತರಬೇತಿ ಬದಲಾಯಿತು. ನೋಡಿ ಮುಗಿದ ಮೇಲೆ ಪ್ರತಿಯೊಬ್ಬಳೂ ಲೋಟವನ್ನು ನೆಲಕ್ಕೆ ಬಗ್ಗಿಸಬೇಕು. ಬಿದ್ದ ಒಂದೊಂದು ಬೀಜವನ್ನೂ ಎತ್ತಿ, 'ಇದು ನಾನು ಅಂದ್ಕೊಂಡಿದ್ದು, ತಪ್ಪಿರಬಹುದು' ಎಂದು ಜೋರಾಗಿ ಹೇಳಬೇಕು. ಆಮೇಲೆ ಆ ಅಂದಾಜನ್ನು ಪರೀಕ್ಷಿಸಲು ನಾಳೆ ಏನು ಮಾಡುತ್ತೀರಿ ಎಂದು ಮೇಡಂ ಕೇಳುತ್ತಿದ್ದರು. ಅದೇ ಮುಂದಿನ ಯೋಜನೆ. ಆದರೆ ಕಾರ್ತಿಯ ವಿಷಯ ಅವರು ಮತ್ತೆ ಎತ್ತಲಿಲ್ಲ. ಸೆಲ್ವಿಯ ಮನೆಯವರು ಈರೋಡಿನ ಕಡೆ ಹೊರಟುಹೋದರು. ಆ ಹುಡುಗ ಈಗ ಮಾತಾಡುತ್ತಾನೋ ಇಲ್ಲವೋ ನಮಗೆ ತಿಳಿಯಲಿಲ್ಲ.

ಕ್ವಾರ್ಟರ್ಸು ಪೂರ್ತಿ ಖಾಲಿಯಾದ ವರ್ಷ ಶಿಶುವಿಹಾರ ಮುಚ್ಚಿತು. ಮಕ್ಕಳಿಲ್ಲದೆ ತರಬೇತಿ ಕೇಂದ್ರ ಕೆಲವು ದಿನ ವೀಡಿಯೋ ತೋರಿಸಿಕೊಂಡು ಉಸಿರಾಡಿತು. ಪರದೆಯ ಮೇಲಿನ ಮಕ್ಕಳನ್ನು ನೋಡಿ ಬೀಜ ಹಾಕಲು ಮೇಡಂ ಒಪ್ಪಲಿಲ್ಲ. "ಯಾರೋ ನೋಡಿ ಆರಿಸಿ ಕೊಟ್ಟಿದ್ದನ್ನ ನಾವೇನು ನೋಡೋದು?" ಎಂದು ಲೋಟಗಳನ್ನು ತೊಳೆಸಿ, ಬೋರಲು ಹಾಕಿಸಿ, ನಿವೃತ್ತರಾದರು. ನಾನು ಇನ್ನೊಂದು ಊರು, ಇನ್ನೊಂದು ಕೆಲಸ ಎಂದು ಅಲೆದೆ.

ಫೋನ್ ಬಂದ ಮರುದಿನ ಗೋಪಾಳಕ್ಕೆ ಹೋದೆ. ಶೋಭಾ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅವತ್ತು ರಜೆ ಹಾಕಿದ್ದಳು. ಗಂಡ ಬೇರೆಯಾಗಿದ್ದಾನೆ, ಮನೆಯಲ್ಲಿ ಅವಳು, ಮೇಡಂ ಇಬ್ಬರೇ. ಕಣ್ಣಿನ ಕೆಳಗೆ ಕಪ್ಪು. ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಮೇಡಂ ಇದ್ದರು. ತಲೆಗೂದಲು ಗಿಡ್ಡಕ್ಕೆ ಕತ್ತರಿಸಿದ್ದರು. ಹಣೆಯಲ್ಲಿ ವಿಭೂತಿ ಇತ್ತು, ಶೋಭಾ ಹಚ್ಚಿದ್ದು, ಸ್ವಲ್ಪ ಓರೆ.

"ದೊಡ್ಡಮ್ಮ, ಯಾರ್ ಬಂದಿದಾರೆ ನೋಡಿ. ನಿಮ್ ಯೂನಿವರ್ಸಿಟಿ ಸರ್."

ಮೇಡಂ ಕಣ್ಣು ನನ್ನ ಕಡೆ ಬಂತು. ನಿಂತಿತು. ಹೋಯಿತು.

ಏನು ಮಾಡಬೇಕೆಂದು ತಿಳಿಯದೆ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತೆ. ನನಗೆ ಎಲ್ಲಿಯೂ ಹೆಚ್ಚು ಹೊತ್ತು ಕೂತು ಅಭ್ಯಾಸವಿಲ್ಲ. ಅವತ್ತು ಮಧ್ಯಾಹ್ನದವರೆಗೂ ಕೂತೆ. ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ಕೇಳಿ ತರಿಸಿಕೊಂಡೆ. ಹುಣಸೆ ಬೀಜ ಮನೆಯಲ್ಲೇ ಸಿಕ್ಕಿತು. ಶೋಭಾ ಏನೂ ಕೇಳಲಿಲ್ಲ. ಈ ಬಗೆ ಅವಳಿಗೂ ಗೊತ್ತು. ಚಿಕ್ಕವಳಿದ್ದಾಗ ರಜೆಯಲ್ಲಿ ದೊಡ್ಡಮ್ಮನ ಜೊತೆ ಭದ್ರಾವತಿಗೆ ಬಂದು ಬೀಜ ಎಣಿಸಿದವಳು.

ಬೀಜಗಳು ಒಂದರ ಹಿಂದೊಂದು ಲೋಟಕ್ಕೆ ಬಿದ್ದವು. ನನ್ನ ಗುರುತು ಸಿಕ್ಕಿತು, ಟಣ್. ಇಲ್ಲ, ಸಿಗಲಿಲ್ಲ, ಟಣ್. ಬೇಜಾರಾಗಿದೆ, ಟಣ್. ನನ್ನ ಮೇಲೆ ಸಿಟ್ಟು, ಇಷ್ಟು ದಿನ ಯಾಕೆ ಬರಲಿಲ್ಲ ಅಂತ, ಟಣ್. ತರಬೇತಿಯ ಮೊದಲ ದಿನದ ರೇಣುಕಾಳಿಗಿಂತ ನಾನೇ ಕಡೆ. ಕಂಡದ್ದು ಇಷ್ಟು: ಪಾತ್ರೆ ಬಿದ್ದಾಗ ಅವರು ಅಡುಗೆಮನೆಯ ಕಡೆ ಕತ್ತು ತಿರುಗಿಸಿದರು. ಗಂಜಿಗೆ ಬಾಯಿ ತೆರೆದರು, ಪಾಯಸಕ್ಕೆ ತೆರೆಯಲಿಲ್ಲ. ಟಿವಿಯಲ್ಲಿ ಮಗುವೊಂದು ಅತ್ತಾಗ ಎಡಗೈ ಬೆರಳುಗಳು ಸೀರೆಯ ಅಂಚನ್ನು ಹಿಡಿದವು. ಮಗು ಅಳದಿದ್ದಾಗಲೂ ಆಗಾಗ ಹಿಡಿಯುತ್ತಿದ್ದವು.

ಊಟದ ಹೊತ್ತಿಗೆ ನಾನು ಎದ್ದು, ಲೋಟವನ್ನು ಅವರ ಮಡಿಲಲ್ಲಿ ಇಟ್ಟೆ. ಎಡ ಅಂಗೈಯಲ್ಲಿ ಒಂದು ಬೀಜ ಇಟ್ಟು ಬೆರಳು ಮಡಚಿದೆ. ಪರೀಕ್ಷೆ ಅನ್ನಿ. ತುಂಬ ಹೊತ್ತು ಆ ಕೈ ಹಾಗೇ ಇತ್ತು. ಆಮೇಲೆ ನಿಧಾನವಾಗಿ ಮೇಲೆದ್ದು, ಲೋಟವನ್ನು ದಾಟಿ, ಬಾಯಿಗೆ ಹೋಯಿತು.

ಶೋಭಾ ಓಡಿ ಬಂದಳು. "ಅಯ್ಯೋ, ಗಂಟಲಿಗೆ ಸಿಕ್ಕಿಕೊಂಡ್ರೆ! ಉಗೀರಿ ದೊಡ್ಡಮ್ಮ, ಉಗೀರಿ," ಎಂದು ಗದ್ದದ ಕೆಳಗೆ ಅಂಗೈ ಹಿಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ನೋಡಿದ್ರಾ ಸರ್? ಪಾಪ, ಎಳೆಮಗು ಥರ ಆಗ್ಬಿಟ್ಟಿದಾರೆ."

ಮೇಡಂ ಮುಖ ಪಕ್ಕಕ್ಕೆ ತಿರುಗಿಸಿದರು. ಶೋಭಾಳ ಅಂಗೈಯನ್ನು ಬಿಟ್ಟು, ತಲೆ ಬಗ್ಗಿಸಿ, ಬೀಜ ಉಗಿದರು. ಅದು ಮಡಿಲಿನ ಲೋಟಕ್ಕೆ ಬಿತ್ತು. ಟಣ್.

ಶೋಭಾ ಖಾಲಿ ಅಂಗೈಯನ್ನು ಹಿಂದಕ್ಕೆ ತೆಗೆದಳು.

"ಸರ್," ಎಂದಳು ಶೋಭಾ, "ಹೌದೋ ಅಲ್ವೋ, ಅಷ್ಟು ಹೇಳಿ."

ಲೋಟ ಮಡಿಲಲ್ಲೇ ಇತ್ತು, ತಲೆ ಬಗ್ಗಿಸಿದರೆ ಅದರೊಳಗಲ್ಲದೆ ಇನ್ನೆಲ್ಲಿ ಬೀಳುತ್ತದೆ ಎಂದು ನನ್ನ ಬುದ್ಧಿ ಹೇಳುತ್ತಿತ್ತು. ಇನ್ನೂ ನಾಲ್ಕು ದಿನ ಬಂದು ನೋಡುತ್ತೇನೆ ಎನ್ನಲು ಬಾಯಿ ತೆರೆದೆ. ಬಾಗಿಲಲ್ಲಿ ನಿಂತ ಸೆಲ್ವಿ ನೆನಪಾದಳು. ಲೋಟವನ್ನು ನೆಲಕ್ಕೆ ಬಗ್ಗಿಸಿದೆ.

"ಕಂಡಿದ್ದು ಹೇಳ್ತೀನಿ ಶೋಭಾ," ಎಂದು ಎಲ್ಲವನ್ನೂ ಹೇಳಿದೆ. ಪಾತ್ರೆಯ ಸದ್ದು, ಗಂಜಿ, ಪಾಯಸ, ಬೀಜ. ಆಮೇಲೆ ನೆಲದಿಂದ ಒಂದು ಬೀಜ ಎತ್ತಿಕೊಂಡೆ. "ಇದು ನಾನು ಅಂದ್ಕೊಂಡಿದ್ದು, ತಪ್ಪಿರಬಹುದು. ಅವರಿಗೆ ತಿಳಿಯುತ್ತೆ."

ಶೋಭಾ ಆ ಬೀಜವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆಯನೂರು ರಸ್ತೆಯ ಜಾಗಕ್ಕೆ ಮೇಡಂ ಅವರನ್ನು ಕಳಿಸಲಿಲ್ಲ. ಮಾತು ಕಲಿಸುವ ಹುಡುಗಿಯನ್ನು ಕಾಡಿ ಬೇಡಿ ಇನ್ನಷ್ಟು ದಿನ ಕರೆಸಿಕೊಂಡಳು. ಕೆಲಸ ಬಿಟ್ಟಳು. ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಸಲ ಲಕ್ವ ಹೊಡೆದು ಮೇಡಂ ಹೋದರು. ಅಷ್ಟೂ ದಿನಗಳಲ್ಲಿ ಒಂದು ಮಾತೂ ಬರಲಿಲ್ಲ. ಬೀಜ ಕೊಟ್ಟರೆ ಮತ್ತೆ ಹಾಗೆ ಮಾಡಲೂ ಇಲ್ಲವಂತೆ. ಕೆಲವು ಸಲ ನುಂಗಲು ನೋಡಿದರು, ಕೆಲವು ಸಲ ಕೈಯಿಂದ ಜಾರಿತು. ಅವರನ್ನು ಹೊಳಲೂರಿನ ಹೊಲದಲ್ಲಿ, ತಂದೆಯ ಪಕ್ಕದಲ್ಲೇ ಮಣ್ಣು ಮಾಡಿದರು. ವೀರಶೈವರ ಪದ್ಧತಿಯಂತೆ ಕೂರಿಸಿಯೇ ಸಮಾಧಿ. ಗುಂಡಿಯ ಗೋಡೆಗೆ ಬೆನ್ನು ಕೊಟ್ಟು ಕೂತ ಅವರನ್ನು ನಾನು ಮೇಲಿನಿಂದ ನೋಡಿದೆ.

ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಶೋಭಾ ಮನೆಯ ಹೊರಗಿನ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತಳು.

"ಸರ್, ಅವತ್ತಿಂದು ಒಂದು ಕೇಳ್ತೀನಿ. ನಾನು ಪಾಪ ಅಂದೆನಲ್ಲ, ಅದು ಬೀಜ ಬಿದ್ದ ಮೇಲೆ ಅಲ್ವಾ ಅಂದಿದ್ದು?"

"ಇಲ್ಲಮ್ಮ. ನೀನು ಪಾಪ ಅಂದೆ. ಆಮೇಲೆ ಅದಕ್ಕೇ ಅವರು ಬೀಜ ಹಾಕಿದ್ರು."

"ನಂಗೆ ಹಾಗೆ ನೆನಪಿಲ್ಲ ಸರ್. ಬೀಜ ಮೊದಲು ಬಿತ್ತು. ನಾನು ಆಮೇಲೆ ಅಂದಿದ್ದು." ನನ್ನ ಕಡೆ ತಿರುಗಿ ಕೇಳಿದಳು, "ನೀವು ಹೇಳೋದು ಖಂಡಿತಾನಾ?"

ನಾನು ಮೆಟ್ಟಿಲ ಸಂದಿಯಲ್ಲಿ ಹರಿಯುತ್ತಿದ್ದ ಇರುವೆ ಸಾಲನ್ನು ನೋಡುತ್ತ ಕೂತೆ. ಗೇಟು ತೆರೆದ ಎರಡು ಜಡೆಯ ಹುಡುಗಿಯೂ ನನಗೆ ಖಂಡಿತವಾಗಿಯೇ ನೆನಪಿದ್ದಳು. ಶೋಭಾ ಉತ್ತರಕ್ಕೆ ಕಾಯುತ್ತಿದ್ದಳು. ಅವಳ ಕೆಲಸ, ನಿದ್ದೆ, ಆ ಇಡೀ ಮಳೆಗಾಲ ಎಲ್ಲವೂ ಯಾವುದು ಮೊದಲು ಎನ್ನುವುದರ ಮೇಲೆ ನಿಂತಿತ್ತು.

ಇಬ್ಬರಲ್ಲಿ ಒಬ್ಬರಾದರೂ ಅವತ್ತೇ ಬರೆದಿಡಬೇಕಿತ್ತು. ನೋಡಿದ್ದನ್ನು ನೋಡಿದ ಕ್ರಮದಲ್ಲಿ, ಮರೆಯುವ ಮುಂಚೆ ಬರೆದಿಡಿ ಎಂದು ನಮಗೆ ಹೇಳಬೇಕಾದವರು ಅವತ್ತು ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂತು, ನಮ್ಮಿಬ್ಬರನ್ನೂ ನೋಡುತ್ತಿದ್ದರು. ನೋಡುತ್ತಿದ್ದರು ಎಂದು ನಾನು ಅಂದುಕೊಂಡಿದ್ದೇನೆ.